ನೊಬಂಟು ದನಿ ತಗ್ಗಿಸಿದ ಬಗೆ

ದಕ್ಷಿಣ ಆಫ್ರಿಕಾದ ಕೋಮಾನಿ ಪಟ್ಟಣದಂಚಿನ ಕೇರಿಯಲ್ಲಿ ನೊಬಂಟುವಿನ ಪ್ರಾರ್ಥನೆ ಮೂರು ಬೀದಿಗೆ ಕೇಳಿಸುತ್ತಿತ್ತು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಸದ್ದನ್ನು ಮೀರಿ ಮಾತಾಡಿದ ಕಂಠ ಅದು. ಗುರುವಾರ ಪ್ರಾರ್ಥನಾ ಸಂಘದ ಹೆಂಗಸರು ಕೆಂಪು ರವಿಕೆ, ಬಿಳಿ ಟೋಪಿ ತೊಟ್ಟು ಕೂಡಿ, ಎಲ್ಲರೂ ಒಮ್ಮೆಗೇ ದನಿಯೆತ್ತಿ ದೇವರನ್ನು ಬೇಡುವುದು ವಾಡಿಕೆ. ಆ ಮೊರೆಯಲ್ಲೂ ಅವಳ ಕೂಗು ಬೇರೆಯಾಗಿ ಕೇಳುತ್ತಿತ್ತು.

ಅನಾಥ ಪ್ರಾಣಿಗಳ ಆಶ್ರಯಕ್ಕೆ ಹಳೆಯ ಕಂಬಳಿ ಕೊಡಲು ಹೋದವಳು, ಅಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದ ಕಂದು ಬಣ್ಣದ ನಾಯಿಯೊಂದನ್ನು ಕಂಡು ಮನಸೋತಳು. ಗುಜರಿ ಅಂಗಳದ ಪಂಜರದಲ್ಲಿ ಆರು ವರ್ಷ ಕಳೆದ ಆ ಹೆಣ್ಣು ನಾಯಿಗೆ ಮನೆಯೊಳಗಿನ ಬದುಕೇ ತಿಳಿಯದು. ಸೋಮವಾರ ಅದನ್ನು ಮನೆಗೆ ತಂದ ಆಶ್ರಯದ ಕೆಲಸಗಾರ ಲುಂಗಿಸಾ ತಲೆ ತಗ್ಗಿಸಿ ನಿಂತ.

"ಅಮ್ಮ, ಈ ನಾಯಿ ಸಾಕ್ಸಿ, ತಿನ್ನೋದಿಲ್ಲ, ಅಡಗಿಕೊಳ್ಳುತ್ತೆ ಅಂತ ಎರಡು ಮನೆಯಿಂದ ಆಗ್ಲೇ ವಾಪಸ್ ಬಂದಿದೆ. ಹದಿನೈದು ದಿನ ಬಿಟ್ಟು ಬರ್ತೀನಿ. ಇನ್ನೂ ತಿನ್ನದೆ ಅಡಗಿಕೊಂಡೇ ಇದ್ರೆ ಒಯ್ಯಬೇಕಾಗುತ್ತೆ. ಮೂರನೇ ಸಲ ವಾಪಸ್ ಬಂದ ನಾಯಿಗೆ ನಮ್ಮಲ್ಲಿ ಸೂಜಿ ಹಾಕಿ ಸಾಯಿಸ್ಬಿಡ್ತಾರೆ."

ಹೊಸಬರು ಬಂದ ಮನೆಗೆ ಹಾಡುತ್ತಾ ಹೋಗಿ ಬರಮಾಡಿಕೊಳ್ಳದಿದ್ದರೆ ಸಂಘದ ಹೆಂಗಸರಿಗೆ ಮನಸ್ಸು ತಡೆಯದು. ಗುರುವಾರ ಹನ್ನೆರಡು ಮಂದಿ ಬಂದರು. ತಾಳಕ್ಕೆಂದೇ ತಂದಿದ್ದ ಚರ್ಮದ ದಿಂಬುಗಳನ್ನು ಅಂಗೈಯಿಂದ ಬಡಿದು ತಾಳ ಹಾಕಿದರು. ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದವಳು ನೊಬಂಟುವೇ. ಸಾಕ್ಸಿ ನೆಲದಲ್ಲಿ ಉಚ್ಚೆ ಹೊಯ್ದು, ತೆವಳಿಕೊಂಡು ಮಂಚದ ಕೆಳಗೆ ಸೇರಿತು. ಮೂರು ದಿನ ಜೋಳದ ಗಂಜಿಯನ್ನು ಮೂಸಿಯೂ ನೋಡಲಿಲ್ಲ.

ಪ್ರಿಯರೇ, ನಮ್ಮ ಪ್ರೀತಿಯೂ ಕೆಲವು ಸಲ ಬಹಳ ಗದ್ದಲ ಮಾಡುತ್ತದೆ.

ಭಾನುವಾರ ನೊಬಂಟು ಮಂಚದ ಬಳಿ ಮೊಣಕಾಲೂರಿ, ಈ ಜೀವ ಉಳಿಯಲೆಂದು ಎಂದಿನಂತೆ ಕೂಗಿ ಬೇಡತೊಡಗಿದಳು. ಪಕ್ಕದ ಮನೆಯ ನೊತೆಂಬಾ ಕಿಟಕಿಯಲ್ಲಿ ಇಣುಕಿದಳು.

"ಅಕ್ಕಾ, ದೇವರಿಗೆ ಕಿವಿ ಕೇಳುತ್ತೆ ಕಣೇ. ಆ ನಾಯಿಗೂ ಕೇಳುತ್ತೆ, ಅದೇ ಅದರ ಕಷ್ಟ."

"ನಿನ್ನ ಬಾಯಿಗೆ ಯಾವತ್ತಾದ್ರೂ ಬೀಗ ಹಾಕಿದೀಯಾ ನೀನು?"

"ನನ್ನ ಮಂಚದ ಕೆಳಗೆ ಯಾರೂ ನಡುಗ್ತಾ ಇಲ್ಲವಲ್ಲ."

ನೊಬಂಟು ಬಗ್ಗಿ ನೋಡಿದಳು. ಕತ್ತಲಲ್ಲಿ ನಾಲ್ಕು ಬಿಳಿ ಪಾದಗಳು ನಡುಗುತ್ತಿದ್ದವು. ತನ್ನ ಮೊರೆಯೇ ಆ ನಡುಕಕ್ಕೆ ಕಾರಣವೆಂದು ಅವಳಿಗೆ ಅರಿವಾಯಿತು. ನಾಯಿಗೆ ಬೆನ್ನು ತಿರುಗಿಸಿ ಕುಳಿತಳು. ಐವತ್ತು ವರ್ಷಗಳಲ್ಲಿ ಮೊದಲ ಬಾರಿಗೆ, ತುಟಿ ಮಾತ್ರ ಆಡಿಸಿ ಪ್ರಾರ್ಥಿಸಿದಳು. ದೇವರ ಮುಂದೆ ಬರಿಗೈಯಲ್ಲಿ ಕುಳಿತಂತೆ ಭಾಸವಾಯಿತು, ಆದರೂ ಎದ್ದೇಳಲಿಲ್ಲ. ಬಹಳ ಹೊತ್ತಾದ ಮೇಲೆ ಹಿಂದಿನಿಂದ ಗಂಜಿ ನೆಕ್ಕುವ ಸದ್ದು ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ.

ಅಂದಿನಿಂದ ದಿನವೂ ಹಾಗೆಯೇ. ಮುಂದಿನ ಗುರುವಾರ ಹೆಂಗಸರು ಬೂಟುಗಳನ್ನು ಅಂಗಳದಲ್ಲೇ ಬಿಟ್ಟು, ಕಳ್ಳರ ಹಾಗೆ ಒಳಬಂದು, ಹಾಡನ್ನು ಮೂಗಿನಲ್ಲೇ ಗುನುಗಿದರು. ನೊತೆಂಬಾ ಸೀನನ್ನು ತಡೆಯಲು ಹೋಗಿ ಕಣ್ಣೀರು ಸುರಿಸಿದಳು. ಮಂಚದ ಕೆಳಗಿನಿಂದ ಮೂತಿಯೊಂದು ಹೊರಬಂದು ಹಾಡು ಮುಗಿಯುವವರೆಗೂ ಅಲ್ಲೇ ಇತ್ತು.

ಹದಿನೈದನೆಯ ದಿನ ಲುಂಗಿಸಾ ಬಂದ. ಬಾಗಿಲ ಸದ್ದಿಗೆ ಸಾಕ್ಸಿ ಚಂಗನೆ ಮಾಯವಾಯಿತು. ಅವನು ನಿಟ್ಟುಸಿರುಬಿಟ್ಟ.

"ಇನ್ನೂ ಅಡಗಿಕೊಳ್ಳುತ್ತಲ್ಲಮ್ಮ."

"ಹೂಂ, ಅಡಗಿಕೊಳ್ಳುತ್ತೆ ಮಗಾ. ಎಲ್ಲಿ ಅಂತ ನೋಡು," ಎಂದಳು ನೊಬಂಟು, ಬಹು ಮೆಲ್ಲಗೆ.

ಅವನು ಮಂಚದ ಕೆಳಗೆ ಬಗ್ಗಿದ. ಅಲ್ಲಿ ನೆಕ್ಕಿ ಬರಿದಾದ ತಟ್ಟೆ ಮಾತ್ರ ಇತ್ತು. ತಲೆಯೆತ್ತಿದಾಗ ಅವಳ ಕರಿಯ ಲಂಗದ ನೆರಿಗೆಗಳ ಹಿಂದಿನಿಂದ ಬಿಳಿ ಪಾದವೊಂದು ಕಂಡಿತು. ನಾಯಿ ಅವಳ ಕಾಲಿಗೆ ಒತ್ತಿಕೊಂಡು ನಿಂತಿತ್ತು.

ನಾಯಿಯನ್ನು ಒಯ್ಯಲೆಂದು ತಂದಿದ್ದ ಹಗ್ಗವನ್ನು ಲುಂಗಿಸಾ ಸುತ್ತಿ ಜೇಬಿಗೆ ಹಾಕಿಕೊಂಡ.