ವಾಮನಕಾಕಾರ ಹತ್ತರ ಬಸ್ಸು

ವಾಮನಕಾಕಾರ ಕಂಪ್ಯೂಟರಿನೊಳಗೆ ರಾಹುಕಾಲದಲ್ಲಿ ಯಾರೂ ಹೊಸ್ತಿಲು ದಾಟುತ್ತಿರಲಿಲ್ಲ. ಕತೆಯಿರಲಿ, ನಾಟಕವಿರಲಿ, ಟೈಪ್ ಮಾಡಲು ಅವರ ಕೈಗೆ ಬಂತೆಂದರೆ ಅದರೊಳಗಿನ ಜನ ಒಳ್ಳೆಯ ಹೊತ್ತು ನೋಡಿಯೇ ಮನೆ ಬಿಡಬೇಕು. ಬರೆದವರು ಶನಿವಾರ ಒಂಬತ್ತೂವರೆಗೆ ಮದುಮಗಳನ್ನು ತವರಿನಿಂದ ಹೊರಡಿಸಿದ್ದರೆ, ಕಾಕಾ ಅವಳನ್ನು ಹತ್ತೂಮುಕ್ಕಾಲರ ತನಕ ಪಡಸಾಲೆಯಲ್ಲಿ ಕೂಡಿಸಿ, ಒಂದು ಕಪ್ ಚಹಾ ಕುಡಿಸಿ, ಆಮೇಲೆ ಕಳಿಸುತ್ತಿದ್ದರು. ಚಹಾದ ವಾಕ್ಯ ಕಾಕಾರ ಸ್ವಂತದ್ದು. ಅದಕ್ಕೆ ಬೇರೆ ದುಡ್ಡು ಹಿಡಿಯುತ್ತಿರಲಿಲ್ಲ.

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಮುಂದೆ ಝೆರಾಕ್ಸ್ ಮಷೀನು, ಹಿಂದೆ ಕಂಪ್ಯೂಟರು, ಅದರ ಹಿಂದಿನ ಬಾಗಿಲು ದಾಟಿದರೆ ಮನೆ. ದಿನಾ ಪೂಜೆ ಮುಗಿಸಿ ಬಂದು, ತಮ್ಮ ಹಣೆಯ ಮೇಲಿದ್ದಂಥದೇ ಬೊಟ್ಟನ್ನು ಕಂಪ್ಯೂಟರಿನ ಹಣೆಗೂ ಇಟ್ಟು, ಎದುರಿನ ಗೋಡೆಯ ಪಂಚಾಂಗದ ಕ್ಯಾಲೆಂಡರಿಗೆ ಒಮ್ಮೆ ಕಣ್ಣು ಹಾಯಿಸಿ ಕೆಲಸಕ್ಕೆ ಕೂಡುತ್ತಿದ್ದರು. ಅವರ ತಂದೆ ಊರಿಗೆಲ್ಲ ಕುಂಡಲಿ ಬರೆದುಕೊಡುತ್ತಿದ್ದ ಜೋಯಿಸರು. "ಅಪ್ಪಾ ಕುಂಡಲಿ ಬರೀತಿದ್ರು, ನಾ ಅರ್ಜಿ ಟೈಪ್ ಮಾಡ್ತೀನಿ. ಎರಡರಾಗೂ ಹೆಸರು ತಪ್ಪಬಾರದು, ಅಷ್ಟ," ಎನ್ನುತ್ತಿದ್ದರು.

ಅರ್ಜಿಗಳ ವಿಷಯದಲ್ಲಿ ಕಾಕಾ ಬಲು ಕಟ್ಟುನಿಟ್ಟು. ತಹಶೀಲ್ದಾರರಿಗೆ ಹೋಗುವ ಕಾಗದದಲ್ಲಿ ಒಂದು ಕೊಂಬನ್ನೂ ಅವರು ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಯಾರಾದರೂ ತೀರಿಹೋಗಿ ಜನ ಸಮಾರಾಧನೆಯ ಕಾರ್ಡು ಮಾಡಿಸಲು ಬಂದರೆ, ಜೀವ ಹೋದದ್ದು ರಾಹುಕಾಲದ ನಟ್ಟನಡುವೆಯೇ ಆಗಿದ್ದರೂ, ಕೊಟ್ಟ ಹೊತ್ತನ್ನು ಕೊಟ್ಟ ಹಾಗೆಯೇ ಹೊಡೆಯುತ್ತಿದ್ದರು. ಒಮ್ಮೆ ನಾನು ಕೇಳಿದಾಗ ಹೇಳಿದರು: "ಇದು ಆಗಿಹೋಗೇದ್ರಿ. ಆಗಿಹೋಗಿದ್ದರಾಗ ಕೈ ಹಾಕಲಿಕ್ಕೆ ನಾವ್ಯಾರು? ಕತಿ ಹಂಗಲ್ಲ, ಅದು ಇನ್ನೂ ಆಗಬೇಕಾಗೇದ."

ಈ ವ್ಯತ್ಯಾಸ ನನಗೆ ಮೊದಲೇ ತಿಳಿದಿದ್ದರೆ ನನ್ನ ಕತೆಯ ಹೀರೋ ಸಾಯುತ್ತಿದ್ದ.

ನಾನು ನೇಸರಗಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಮನೆ ಬೈಲಹೊಂಗಲದಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಆಗ ನನಗೆ ಕತೆ ಬರೆಯುವ ಹುಚ್ಚು ಹೊಸದಾಗಿ ಹತ್ತಿತ್ತು. ಕಳಿಸಿದ ಕತೆಗಳೆಲ್ಲ ಹೋದ ದಾರಿಯಲ್ಲೇ ವಾಪಸು ಬಂದು, ನಮ್ಮ ಹೆಡ್ಮಾಸ್ತರರು "ಏನ್ರಿ ಸಾಹಿತಿಗಳ, ಪೇಪರಿನ್ಯಾಗ ಯಾವಾಗ ಬರತೈತಿ?" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೆ ಕೇಳುವಂತಾಗಿತ್ತು. ಆ ಪ್ರಶ್ನೆ ಕೇಳಿ ಕೇಳಿ ನನಗೆ ಚಹಾ ಸಹ ಸೇರುತ್ತಿರಲಿಲ್ಲ. ಅಷ್ಟರಲ್ಲಿ ಶಿಕ್ಷಕರಿಗಾಗಿ ಒಂದು ಕಥಾಸ್ಪರ್ಧೆ ಇದೆ ಎಂದು ತಿಳಿಯಿತು. ವಿಷಯ: ಬದುಕು ಬದಲಿಸಿದ ಒಂದು ದಿನ. ಈ ಸಲ ಗೆಲ್ಲದಿದ್ದರೆ ಪೆನ್ನು ಮುಚ್ಚಿಡುವುದು ಎಂದು ನಿರ್ಧರಿಸಿ ಕೂತೆ.

ಬದುಕು ಬದಲಾಗಬೇಕಾದರೆ ಒಬ್ಬರಾದರೂ ಸಾಯಬೇಕು ಎಂಬುದು ಆಗ ನನ್ನ ಸಾಹಿತ್ಯ ಸಿದ್ಧಾಂತ. ಹಾಗಾಗಿ ನನ್ನ ಹೀರೋ ಶುಕ್ರವಾರ ಬೆಳಿಗ್ಗೆ ಹನ್ನೊಂದರ ಬಸ್ಸಿಗೆ ಬೆಳಗಾವಿಗೆ ಹೊರಡುತ್ತಾನೆ. ಬಸ್ಸು ಹಳ್ಳಕ್ಕೆ ಬೀಳುತ್ತದೆ. ಸುದ್ದಿ ತಿಳಿದ ಹೆಂಡತಿ ಎರಡು ಪುಟ ಅಳುತ್ತಾಳೆ. ಸಂಜೆ ಹೆಣ ಬರುತ್ತದೆ. ಆ ಎರಡು ಪುಟಗಳನ್ನು ನಾನೂ ಅಳುತ್ತಲೇ ಬರೆದಿದ್ದೆ. ಕೈಬರಹದ ಪ್ರತಿಯನ್ನು ಕಾಕಾರಿಗೆ ಕೊಟ್ಟೆ. ಕೊನೆಯ ದಿನ ನಮ್ಮ ಶಾಲೆಯಲ್ಲಿ ಇನ್‌ಸ್ಪೆಕ್ಷನ್ ಬಂದು ಸಿಕ್ಕಿಹಾಕಿಕೊಂಡೆ. "ಕಾಕಾ, ಟೈಪ್ ಆಗಿದ್ರ ನೀವ ಈಮೇಲ್ ಮಾಡಿಬಿಡ್ರಿ, ನಾ ನೋಡೂದು ಬ್ಯಾಡ," ಎಂದು ಫೋನಿನಲ್ಲಿ ಹೇಳಿದೆ. ಅವರು ಅಷ್ಟೇ ನಂಬಿಗಸ್ತರಾಗಿ ಕಳಿಸಿದರು.

ಎರಡನೆಯ ಬಹುಮಾನ ಬಂತು. ಬೆಳಗಾವಿಯಲ್ಲಿ ಸಮಾರಂಭ. ಹೆಡ್ಮಾಸ್ತರರೂ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು. ತೀರ್ಪುಗಾರರು ಎದ್ದು ನಿಂತು ನನ್ನ ಕತೆಯನ್ನು ಹೊಗಳತೊಡಗಿದರು. "ಬಸ್ಸು ಬಿದ್ದ ಸುದ್ದಿ ಬಂದಿದೆ. ಯಾವ ಬಸ್ಸು ಎಂದು ಯಾರಿಗೂ ಗೊತ್ತಿಲ್ಲ. ಗಂಡನ ಫೋನು ಹತ್ತುತ್ತಿಲ್ಲ. ಹೆಂಡತಿಯ ಆ ಗೋಳು ಕಲ್ಲನ್ನೂ ಕರಗಿಸುತ್ತದೆ. ಸಂಜೆ ಬಾಗಿಲಲ್ಲಿ ಗಂಡ ನಿಂತಿದ್ದಾನೆ, ಕೈಯಲ್ಲಿ ಬೆಳಗಾವಿಯ ಕುಂದಾ ಮಿಠಾಯಿಯ ಡಬ್ಬಿ. ಆಗ ಅವಳು ಆಡುವ ಒಂದೇ ಮಾತು ನೋಡಿ: ಪಾವಕಿಲೋ ಅಷ್ಟ ತಂದೀರೇನು?"

ಸಭೆಗೆ ಸಭೆಯೇ ನಕ್ಕು ಚಪ್ಪಾಳೆ ಹೊಡೆಯಿತು. ನನ್ನ ಹೆಣ ಎಲ್ಲಿ ಹೋಯಿತು? ಮೈಕಿನ ಮುಂದೆ ಕರೆದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: "ಆ ಕುಂದಾ ನನ್ನದಲ್ಲ." ಎಂಥ ವಿನಯ ಎಂದು ಜನ ಮತ್ತಷ್ಟು ಚಪ್ಪಾಳೆ ಹೊಡೆದರು. ಮರುದಿನದಿಂದ ಶಾಲೆಯಲ್ಲಿ ನಾನು ಕುಂದಾ ಟೀಚರ್ ಆದೆ. ಆ ಹೆಸರು ಈಗಲೂ ಇದೆ.

ಬೆಳಗಾವಿಯಿಂದ ಬಂದವಳೇ ನೆಟ್ಟಗೆ ಅಂಗಡಿಗೆ ಹೋದೆ.

"ಕಾಕಾ, ಇದೇನ್ರಿ ಮಾಡೀರಿ? ನನ್ನ ಹೀರೋ ಸಾಯಬೇಕಿತ್ತಲ್ರಿ."

"ಅಂವಾ ಹ್ಯಾಂಗ ಸಾಯ್ತಾನ್ರಿ ಅಕ್ಕೋರ?" ಕಾಕಾ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. "ಶುಕ್ರವಾರ ಹತ್ತೂವರಿಯಿಂದ ಹನ್ನೆರಡರ ತನಕಾ ರಾಹುಕಾಲ. ನೀವು ಹನ್ನೊಂದಕ್ಕ ಬಸ್ ಹತ್ತಿಸೀರಿ. ಆ ಮನ್ಯಾಗ ಹೇಳವರು ಕೇಳವರು ಯಾರೂ ಇರಲಿಲ್ಲೇನು? ಪಾಪ ಅನಿಸ್ತು, ಹತ್ತರ ಬಸ್ಸಿಗೆ ಹತ್ತಿಸಿದೆ."

"ಆಮ್ಯಾಲೆ?"

"ಆಮ್ಯಾಲೆ ಏನದ? ಬಿದ್ದದ್ದು ಹನ್ನೊಂದರ ಬಸ್ಸು. ಇಂವಾ ಅಷ್ಟೊತ್ತಿಗೆ ಬೆಳಗಾವಿ ಮುಟ್ಟ್ಯಾನ. ಹೋದಾಂವ ಬರಿಗೈಲೆ ಬರ್ತಾನೇನು? ಕುಂದಾ ತಗೊಂಡಾ. ಆಕಿ ಅಳೂದು ಮಾತ್ರ ಭಾಳ ಛಲೋ ಬರದಿದ್ರಿ, ಅದಕ್ಕ ನಾ ಕೈ ಹಚ್ಚಲಿಲ್ಲ."

"ಮತ್ತ ಆ ಪಾವಕಿಲೋ?"

"ಅದು ಈಕೀದು," ಎಂದು ಒಳಗಿನ ಬಾಗಿಲ ಕಡೆ ಕೈ ಮಾಡಿದರು. "ಗಂಡ ಬಾಗಲಕ್ಕ ಬಂದು ನಿಂತಾನ, ಹೆಂಡತಿ ಏನ್ ಅಂತಾಳ ಅನ್ನೋದು ನನಗ ತಿಳೀಲಿಲ್ಲ. ಈಕಿನ್ನ ಕೇಳಿದೆ."

ಒಳಗಿನಿಂದ ಸುಶೀಲಕಾಕು, ಅವರ ಹೆಂಡತಿ, ಅವಲಕ್ಕಿಯ ತಾಟು ಹಿಡಿದು ಬಂದರು. "ಬರೇ ಕಾಲು ಕಿಲೋ ಕುಂದಾ ತಂದ್ರ ಯಾರು ಬ್ಯಾರೆ ಏನ್ ಅಂತಾರವಾ?" ಎಂದರು. ಬಹುಮಾನದ ಶಾಲನ್ನು ಮುಟ್ಟಿ ನೋಡಿ, ಇದು ಚಳಿಗಾಲಕ್ಕೆ ಸಾಲದು ಎಂದೂ ಹೇಳಿದರು.

ಇನ್ನು ಮುಂದೆ ನನ್ನ ಕತೆಯನ್ನು ನಾನೇ ಟೈಪ್ ಮಾಡುವವಳು ಎಂದು ಹಟ ಹಿಡಿದೆ. ಕಾಕಾ ಒಂದಿಷ್ಟೂ ಬೇಸರ ಮಾಡಿಕೊಳ್ಳದೆ ಭಾನುವಾರಕ್ಕೊಮ್ಮೆ ಕೂಡಿಸಿ ಕನ್ನಡ ಟೈಪಿಂಗ್ ಕಲಿಸಿದರು. ಹಟ ನನ್ನದೇ ಗೆದ್ದಿತು ಎಂದು ನಾನು ತಿಳಿದಿದ್ದೆ. ಆದರೆ ನಾನು ಟೈಪ್ ಮಾಡುವಾಗ ಅವರು ಪಕ್ಕದ ಸ್ಟೂಲಿನಲ್ಲಿ ಅಡಕೆ ಕತ್ತರಿಸುತ್ತ ಕೂತಿರುತ್ತಿದ್ದರು. ನನ್ನ ಕತೆಯ ಜನ ವೇಳೆಯಲ್ಲದ ವೇಳೆಗೆ ಚಪ್ಪಲಿ ಮೆಟ್ಟಿದರೆ ಅಡಕತ್ತರಿ ನಿಲ್ಲುತ್ತಿತ್ತು. ಮಾತಿಲ್ಲ, ಕೆಮ್ಮಿಲ್ಲ. ನಾನು ಆ ಹೊತ್ತನ್ನು ಅಳಿಸಿ ಬೇರೆ ಹೊಡೆದರೆ ಮತ್ತೆ ಕಟ್ ಕಟ್ ಸದ್ದು. ಹೀಗೆ ನನ್ನ ಎಷ್ಟೋ ದುರಂತ ಕತೆಗಳು ಅಡಕತ್ತರಿಯ ಕೆಳಗೆ ಸಿಕ್ಕು ಸುಖಾಂತವಾದವು.

ಅಂಥದೇ ಒಂದು ಭಾನುವಾರ ಕಾಕು ಗುಟ್ಟು ಒಡೆದರು. "ಇವರ ಲಗ್ನ ರಾಹುಕಾಲದಾಗ ಆಗೇದ, ಗೊತ್ತದ ಏನು ನಿಮಗ?"

ಕಾಕುವಿನ ತವರು ಎಂ.ಕೆ. ಹುಬ್ಬಳ್ಳಿ. ಮದುವೆ ಅಲ್ಲೇ. ಮುಹೂರ್ತ ಇಟ್ಟವರು ಸ್ವತಃ ಕಾಕಾರ ತಂದೆ, ಊರಿಗೆಲ್ಲ ಮುಹೂರ್ತ ಇಡುವ ಜೋಯಿಸರು. ಬುಧವಾರ ಹನ್ನೊಂದರೊಳಗೆ ಅಕ್ಷತೆ ಬೀಳಬೇಕಿತ್ತು. ಬೈಲಹೊಂಗಲದಿಂದ ಹೊರಟ ಗಂಡಿನ ದಿಬ್ಬಣ ಸಕ್ಕರೆ ಕಾರ್ಖಾನೆ ಹತ್ತಿರ ಬರುವಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರೊಂದರ ಟ್ರೇಲರು ರಸ್ತೆಗೆ ಅಡ್ಡ ಮಗುಚಿ ಬಿದ್ದಿತ್ತು. ಹಿಂದೆ ಕಬ್ಬು, ಮುಂದೆ ಕಬ್ಬು, ನಡುವೆ ಬಾಸಿಂಗ ಕಟ್ಟಿಕೊಂಡ ಮದುಮಗ. ಬೀಗರೆಲ್ಲ ಕೆಳಗಿಳಿದು ಕಬ್ಬು ಮುರಿದು ತಿನ್ನತೊಡಗಿದರು. ಜೋಯಿಸರು ಮಾತ್ರ ಒಂದು ಕಲ್ಲಿನ ಮೇಲೆ ಕೂತು ಸೂರ್ಯನನ್ನು ನೋಡುತ್ತಿದ್ದರಂತೆ. ಮದುವೆ ಮನೆ ಮುಟ್ಟಿದಾಗ ಹನ್ನೆರಡೂ ಕಾಲು.

"ಹನ್ನೆರಡಕ್ಕ ರಾಹುಕಾಲ ಹತ್ತಿತ್ತು. ನಮ್ಮಪ್ಪಾ ಏನ್ ಮಾಡಿದ್ರು ಅಂತೀರಿ," ಎಂದರು ಕಾಕು. "ಗ್ವಾಡಿ ಮ್ಯಾಲಿನ ಗಡಿಯಾರ ತಗದು ಹಾಸಿಗಿ ಒಳಗ ಸುತ್ತಿ ಇಟ್ಟ್ರು. ಆಮ್ಯಾಲೆ ಅಕ್ಷತಾ ಬಿತ್ತು."

"ಆಮ್ಯಾಲೆ ಏನಾತ್ರಿ?" ಎಂದೆ.

"ಏನಾಗಬೇಕು? ನಾ ಅಂದದ್ದ ಆತು, ಇಲ್ಲೀ ತನಕಾ," ಎಂದು ಕಾಕು ಒಳಗೆ ಹೋದರು.

ನಾನು ಕಾಕಾರನ್ನು ಸುಮ್ಮನೆ ಬಿಡಲಿಲ್ಲ. "ಕಾಕಾ, ನಿಮ್ಮ ಸಂಸಾರನ ಇಷ್ಟು ಛಲೋ ಐತಿ. ಮತ್ತ ನನ್ನ ಕತಿ ಮಂದಿಗೆ ಯಾಕ್ರಿ ಈ ಕಾಟ?"

ಅವರು ಅಡಕತ್ತರಿ ಕೆಳಗಿಟ್ಟರು. "ಅವತ್ತ ಆ ರಸ್ತಾದಾಗ ನಾ ಭಾಳ ಹೆದರಿದ್ದೆ ಅಕ್ಕೋರ. ಈಕಿಗೆ ಏನರ ಆದ್ರ ಹ್ಯಾಂಗ ಅಂತ. ಮುಂದ ಎಷ್ಟೋ ವರ್ಷ, ಈಕಿ ತವರಿಗೆ ಹೋಗಿ ಹೊಳ್ಳಿ ಬರೂ ತನಕಾ ನನಗ ಊಟಾ ರುಚಿಸ್ತಿರಲಿಲ್ಲ. ಬಾಳೇದಾಗ ರಾಹುಕಾಲ ನಮ್ಮ ಕೈಯಾಗ ಇಲ್ಲ, ಟ್ರ್ಯಾಕ್ಟರಿನವನ ಕೈಯಾಗ ಅದ. ಕತಿಯೊಳಗ ನಮ್ಮ ಕೈಯಾಗೇ ಅದ. ಕೈಯಾಗ ಇದ್ದದ್ದು ಯಾಕ ಬಿಡಬೇಕು?"

ಆ ದಿನ ಟೈಪ್ ಮಾಡುತ್ತಿದ್ದ ಕತೆಯಲ್ಲಿ ಒಬ್ಬಳು ಬಾವಿಗೆ ಹಾರುವವಳಿದ್ದಳು. ಅವಳನ್ನು ನೀರು ಸೇದಿಕೊಂಡು ಮನೆಗೆ ಹೋಗಲು ಬಿಟ್ಟೆ.

ಹೋದ ವರ್ಷ ಒಂದು ಶುಕ್ರವಾರ ನಾನು ಏಳನೆಯ ತರಗತಿಯಲ್ಲಿದ್ದಾಗ ಕಾಕುವಿನ ಫೋನು ಬಂತು. ಕಾಕಾ ಯಾರದೋ ಆಧಾರ್ ಕಾರ್ಡು ಝೆರಾಕ್ಸ್ ಮಾಡಿ ಕೊಟ್ಟು, ಕುರ್ಚಿಗೆ ಬಂದು ಕೂತವರು ಹಾಗೆಯೇ ಒರಗಿದ್ದರಂತೆ. ಕನ್ನಡಕ ಸಹ ಬಿದ್ದಿರಲಿಲ್ಲವಂತೆ. ಆಗ ಹನ್ನೊಂದೂ ಕಾಲು.

ನಾಲ್ಕು ದಿನ ಬಿಟ್ಟು ಕಾಕು ನನ್ನನ್ನು ಕರೆಸಿದರು. ವೈಕುಂಠ ಸಮಾರಾಧನೆಯ ಕಾರ್ಡು ಆಗಬೇಕಿತ್ತು. ಊರಿನಲ್ಲಿ ಬೇರೆ ಅಂಗಡಿಗಳಿದ್ದವು. ಆದರೆ ಈ ಕಾರ್ಡು ಈ ಕಂಪ್ಯೂಟರಿನಲ್ಲೇ ಆಗಬೇಕು ಎಂದರು. ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಕಂಪ್ಯೂಟರಿನ ಹಣೆಯ ಬೊಟ್ಟು ಒಣಗಿ ಪುಡಿಯಾಗಿತ್ತು. ನಾನು ಕೂತು ಹೆಸರು ಹೊಡೆದೆ. ಎರಡು ಸಲ ತಪ್ಪಿತು. ಶುಕ್ರವಾರ ಬೆಳಿಗ್ಗೆ ಹನ್ನೊಂದೂ ಕಾಲು ಗಂಟೆಗೆ ಎಂದು ಹೊಡೆಯುವಾಗ ಕಾಕು ಪಕ್ಕದ ಸ್ಟೂಲಿನಲ್ಲಿ ಕೂತಿದ್ದರು.

"ಹತ್ತು ಅಂತ ಹಾಕ್ರಿ," ಎಂದರು.

ನಾನು ಕೈ ತೆಗೆದೆ. "ಕಾಕು, ಕಾರ್ಡಿನ್ಯಾಗ ಕಾಕಾ ಎಂದೂ ತಿದ್ದತಿರಲಿಲ್ರಿ."

"ಅವರು ತಿದ್ದತಿರಲಿಲ್ಲ. ನಾ ತಿದ್ದತೀನಿ." "ಮಂದೀನೆಲ್ಲಾ ಹತ್ತರ ಬಸ್ಸಿಗೆ ಕಳಿಸ್ಯಾರ. ಅವರನ್ನೊಬ್ಬರನ್ನ ಹನ್ನೊಂದಕ್ಕ ಹ್ಯಾಂಗ ಕಳಸಲಿ?"

ನನಗೆ ಅಕ್ಷರ ಕಾಣದಾಯಿತು. ಕಣ್ಣೊರೆಸಿಕೊಂಡು, ಹನ್ನೊಂದೂ ಕಾಲು ಅಳಿಸಿ ಹತ್ತು ಎಂದು ಹೊಡೆದೆ.

ಪ್ರತಿ ತೆಗೆದುಕೊಟ್ಟ ಮೇಲೆ ಅಲ್ಲಿ ನನಗೇನೂ ಕೆಲಸವಿರಲಿಲ್ಲ. ಕಾಕುವಿಗೂ ಒಳಗೆ ನೆಂಟರಿದ್ದರು. ಆದರೂ ಬೆಳಗಾವಿಯಿಂದ ಸಂಜೆಯ ಬಸ್ಸು ಬರುವ ತನಕ ನಾವಿಬ್ಬರೂ ಬಾಗಿಲ ಕಡೆ ಮುಖ ಮಾಡಿ ಅಲ್ಲೇ ಕೂತಿದ್ದೆವು.