ಪೆಂಡುರ್ತಿಯ ಗುರುಪಾದಪ್ಪ ಸರ್

ವಿಶಾಖಪಟ್ಟಣದ ನಮ್ಮ ತರಬೇತಿ ಕೇಂದ್ರಕ್ಕೆ ಬಂದ ನೇಪಾಳದವರು, ಭೂತಾನದವರು, ಶ್ರೀಲಂಕಾದವರು ಎಲ್ಲರೂ ಕಲಿತುಹೋದ ಕನ್ನಡ ಒಂದೇ: “ಯಾರು ನೋಡ್ಯಾರ?” ಕಲಿಸಿದವರು ಬಾಗಲಕೋಟೆ ಕಡೆಯ ಗುರುಪಾದಪ್ಪ ಸರ್. ಎಲ್ಲಾ ಸರಿಯಾಗಿದೆ ಎಂದು ಯಾರಾದರೂ ಹೇಳಿದರೆ ಸಾಕು, ಇಂಗ್ಲಿಷ್ ಪಾಠದ ನಡುವೆ ಈ ಪ್ರಶ್ನೆ ಬೀಳುತ್ತಿತ್ತು. ಭೂತಾನದ ಅಧಿಕಾರಿಯೊಬ್ಬರು ಕಂಪ್ಯೂಟರ್ ಕೋಣೆಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇದೆ ಎಂದು ಪಟ್ಟಿಯಲ್ಲಿ ಗುರುತು ಹಾಕಿದಾಗ, ಸರ್ ಇಡೀ ತರಗತಿಯನ್ನೇ ಮೆಟ್ಟಿಲಿಳಿಸಿ ಕರೆದುಕೊಂಡು ಹೋದರು. ಗೋಡೆಯ ಮೇಲೆ ಕೊಕ್ಕೆಯಿತ್ತು, ಸಿಲಿಂಡರ್ ಇರಲಿಲ್ಲ.

ನೆರೆ ದೇಶಗಳ ಸರ್ಕಾರಿ ಲೆಕ್ಕಪರಿಶೋಧಕರಿಗೆ ಮಾಹಿತಿ ತಂತ್ರಜ್ಞಾನದ ತರಬೇತಿ ಕೊಡುವ ಕೇಂದ್ರ ಅದು. ಸರ್ಕಾರದ ಕಂಪ್ಯೂಟರ್ ಹೇಳುವುದು ನಿಜವೋ ಸುಳ್ಳೋ ಎಂದು ಪರೀಕ್ಷಿಸುವುದು ಅಲ್ಲಿನ ಪಾಠ. ಹಾಸನದವಳಾದ ನಾನು ಸರ್‌ಗೆ ಸಹಾಯಕಿಯಾಗಿದ್ದೆ. ಕನ್ನಡದವಳು ಎಂಬ ಒಂದೇ ಕಾರಣಕ್ಕೆ ಭಾನುವಾರಗಳಲ್ಲಿ ಪೆಂಡುರ್ತಿಯ ಅವರ ಮನೆಯಲ್ಲಿ ನನಗೆ ಊಟ. ಸರ್ ಹೆಂಡತಿ ಗಂಗಕ್ಕ ರೊಟ್ಟಿ ಬಡಿಯುತ್ತಲೇ ಕಿಟಕಿಯಿಂದ ಪಕ್ಕದ ಮನೆಯವರ ಜೊತೆ ತೆಲುಗಿನಲ್ಲಿ ಹರಟುತ್ತಿದ್ದರು. ನಾನು ಸಾಕೆಂದರೆ, “ಪರವಾಲೇದು, ಇನ್ನೊಂದ ತಿನ್ನ” ಎಂದು ಎರಡೂ ಭಾಷೆ ಸೇರಿಸಿ ಬಡಿಸುತ್ತಿದ್ದರು. ಒಂದು ಮಧ್ಯಾಹ್ನ ಎದೆನೋವೆಂದು ಕೂತ ಗಂಗಕ್ಕ ಮತ್ತೆ ಏಳಲಿಲ್ಲ. ಆಂಬ್ಯುಲೆನ್ಸ್ ತಡವಾಗಿ ಬಂತು ಎಂದಷ್ಟೇ ಸರ್ ಹೇಳಿದರು. ಹದಿಮೂರು ದಿನ ಕಳೆದ ಮೇಲೆ ತರಗತಿಗೆ ಬಂದರು. ಆಮೇಲೆ ಆ ಮಾತು ಎತ್ತಲಿಲ್ಲ.

ಎಂಟು ತಿಂಗಳ ನಂತರದ ತಂಡಕ್ಕೆ ಅಭ್ಯಾಸಕ್ಕೆಂದು ಸಿಕ್ಕಿದ್ದು ಆಂಬ್ಯುಲೆನ್ಸ್ ಕರೆಗಳ ದಾಖಲೆ. ಆಂಬ್ಯುಲೆನ್ಸ್ ಓಡಿಸುವ ಗುತ್ತಿಗೆದಾರರು ಹೆಸರು, ಫೋನ್ ನಂಬರ್ ತೆಗೆದು ಕೊಟ್ಟಿದ್ದರು. ವಾಹನ ತಲುಪಿತು ಎಂದು ಬರೆದ ಹೊತ್ತಿನಲ್ಲಿ ಅದು ನಿಜಕ್ಕೂ ಎಲ್ಲಿತ್ತು ಎಂಬುದನ್ನು ಪತ್ತೆ ಹಚ್ಚಬೇಕಿತ್ತು. ನೇಪಾಳದಿಂದ ಬಂದಿದ್ದ ಸರ್ಮಿಳಾ ಎಂಬ ಹುಡುಗಿ ಮೂರೇ ದಿನಕ್ಕೆ ಕಳ್ಳಾಟ ಹಿಡಿದಳು. ತಡವಾದರೆ ಮೇಲಿನವರು ಕೇಳುತ್ತಾರೆಂದು ಚಾಲಕರು ದಾರಿಯಲ್ಲೇ ‘ತಲುಪಿತು’ ಬಟನ್ ಒತ್ತುತ್ತಿದ್ದರು. ಅವಳು ಒಂದು ಸಾಲನ್ನು ಪರದೆಯ ಮೇಲೆ ತೋರಿಸಿದಳು. ಪೆಂಡುರ್ತಿ, ಮಧ್ಯಾಹ್ನ ಎರಡು ಹತ್ತಕ್ಕೆ ಕರೆ. ಎರಡು ಹದಿನೆಂಟಕ್ಕೆ ತಲುಪಿತು. ಆದರೆ ಜಿಪಿಎಸ್ ಪ್ರಕಾರ ಆ ಹೊತ್ತಿಗೆ ವಾಹನ ಇನ್ನೂ ಸಿಂಹಾಚಲಂ ರಸ್ತೆಯಲ್ಲಿ ನಿಂತಿತ್ತು.

ಸರ್ ತಾರೀಕು ಕೇಳಿದರು. ಅವಳು ಹೇಳಿದಳು. ಅವರು ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು, ಆಮೇಲೆ ಹೊರಗೆ ಹೋದರು. ನಾನು ಹಿಂದೆಯೇ ಓಡಿದೆ.

“ತಂಗಿ, ಅದು ನಾ ಮಾಡಿದ ಫೋನು,” ಎಂದರು. “ಎಂಟು ನಿಮಿಷಕ್ಕ ಬಂತು ಅಂತ ಬರದಾರ. ಹಂಗಾದ್ರ ನಾ ಬಾಗಲದಾಗ ನಿಂತು ಯಾರ ಹಾದಿ ಕಾಯಾಕತ್ತಿದ್ದೆ?”

ಆಮೇಲೆ ಮುಖ ಒರೆಸಿಕೊಂಡು, “ಇನ್ನ ನಾ ಈ ಕೆಲಸದಾಗ ಇರಬಾರದು. ನೀ ನಡಸು,” ಎಂದರು. ದಾಖಲೆಯಲ್ಲಿ ತಮ್ಮ ಮನೆಯ ವಿಷಯ ಇರುವುದರಿಂದ ದೂರ ಸರಿಯುತ್ತಿದ್ದೇನೆ ಎಂದು ನಿರ್ದೇಶಕರಿಗೆ ಎರಡು ಸಾಲು ಬರೆದು ಕೊಟ್ಟರು.

ಕೊನೆಯ ದಿನ ಎಲ್ಲರ ಲ್ಯಾಪ್‌ಟಾಪಿನಿಂದ ಆ ದಾಖಲೆ ಅಳಿಸಬೇಕೆಂಬುದು ನಿಯಮ. ಅದನ್ನು ನೋಡಿಕೊಳ್ಳಲು ಮಾತ್ರ ಸರ್ ಒಳಗೆ ಬಂದರು. ಸರ್ಮಿಳಾ ಅಳುತ್ತಿದ್ದಳು. “ಸರ್, ಆ ಒಂದು ಸಾಲನ್ನಾದರೂ ಇಟ್ಟುಕೊಳ್ಳಿ. ನಿಮಗಾಗಿ ಪ್ರಿಂಟ್ ತೆಗೆದಿದ್ದೇನೆ.”

ಸರ್ ಆ ಹಾಳೆಯನ್ನು ಓದಲಿಲ್ಲ. ಹರಿದು ಬುಟ್ಟಿಗೆ ಹಾಕಿ, “ಅಳಸವ್ವಾ,” ಎಂದರು. ಕನ್ನಡ ಬಾರದ ಅವಳಿಗೂ ಅರ್ಥವಾಯಿತು. ಒಂದೊಂದೇ ಲ್ಯಾಪ್‌ಟಾಪ್ ತೆರೆಸಿ ನೋಡಿ, ಎಲ್ಲವೂ ಅಳಿದಿದೆ ಎಂದು ಸಹಿ ಹಾಕಿದರು.

ಊರಿಗೆ ಹೋದ ಸರ್ಮಿಳಾ ತನ್ನ ದೇಶದ ಆಂಬ್ಯುಲೆನ್ಸ್ ವ್ಯವಸ್ಥೆಯನ್ನು ಪರಿಶೋಧಿಸಿದಳು. ಅಲ್ಲಿ ಈಗ ರೋಗಿಯ ಮನೆ ಹತ್ತಿರ ಬಂದ ಮೇಲೆಯೇ ಆ ಬಟನ್ ಕೆಲಸ ಮಾಡುತ್ತದಂತೆ. ಅವಳ ಪತ್ರವನ್ನು ಸರ್‌ಗೆ ಓದಿ ಹೇಳಿದಾಗ, “ಹುಡುಗಿ ಚೊಲೋ ಮಾಡ್ಯಾಳ,” ಎಂದು ಎರಡು ಸಲ ಹೇಳಿದರು. ಆ ತಿಂಗಳೇ ನಿವೃತ್ತರಾದರು.

ನಮ್ಮಲ್ಲಿ ಆಂಬ್ಯುಲೆನ್ಸ್ ಸೇವೆಯ ನಿಜವಾದ ಪರಿಶೋಧನೆ ಶುರುವಾಗುವ ಹೊತ್ತಿಗೆ ಮತ್ತೊಂದು ವರ್ಷ ಕಳೆದಿತ್ತು. ಅದೇ ಕೆಲಸಕ್ಕೆ ನನ್ನನ್ನು ವಿಜಯವಾಡಕ್ಕೆ ಹಾಕಿದ್ದರು. ಹಳೆಯ ಕರೆಗಳ ದಾಖಲೆಯನ್ನು ಒಪ್ಪಂದದ ಪ್ರಕಾರ ಅಳಿಸಿದ್ದೇವೆ ಎಂದು ಗುತ್ತಿಗೆದಾರರು ಉತ್ತರ ಕೊಟ್ಟರು. ತರಬೇತಿಯ ಅಭ್ಯಾಸವನ್ನು ಸಾಕ್ಷ್ಯವೆಂದು ಹಿಡಿಯುವಂತಿರಲಿಲ್ಲ. ಹಾಗಾಗಿ ಮನೆಯವರನ್ನು ಕಳೆದುಕೊಂಡವರು ಬಂದು ಹೇಳಿಕೆ ಕೊಡಬಹುದು ಎಂದು ಪ್ರಕಟಣೆ ಹೊರಡಿಸಿದೆವು.

ಮೊದಲ ದಿನವೇ ಬೆಂಚಿನ ಮೇಲೆ, ಮಂಗಳಗಿರಿಯ ಒಬ್ಬ ಮುದುಕಿಯ ಪಕ್ಕದಲ್ಲಿ, ಸರ್ ಕೂತಿದ್ದರು. ಸೊರಗಿಹೋಗಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ತಮ್ಮ ಸರದಿ ಬಂದ ಮೇಲೆಯೇ ನನ್ನ ಎದುರು ಕೂತರು. ನಾನು ಫಾರಂ ತೆಗೆದೆ.

“ತೀರಿಕೊಂಡವರಿಗೂ ನಿಮಗೂ ಏನು ಸಂಬಂಧ?” ಎಂದು ಕೇಳಲೇಬೇಕಿತ್ತು.

“ಗಂಡ.”

ಎರಡು ಹತ್ತಕ್ಕೆ ಫೋನ್ ಮಾಡಿದ್ದು, ಎರಡು ಐವತ್ತಕ್ಕೆ ವಾಹನ ಬಂದದ್ದು, ಅಷ್ಟರಲ್ಲಿ ಜೀವ ಹೋಗಿದ್ದು, ಎಲ್ಲವನ್ನೂ ನಿಧಾನವಾಗಿ ಬರೆಸಿದರು. “ದಾಖಲೆ ಏನಾದರೂ ಇದೆಯೇ?” ಎಂಬಲ್ಲಿ ನನ್ನ ಪೆನ್ನು ನಿಂತಿತು.

“ಯಾಕೆ ಸರ್ ಅಳಿಸೋಕೆ ಹೇಳಿದ್ರಿ?” ಎಂದುಬಿಟ್ಟೆ.

“ಅದರಾಗ ಸಾವಿರಾರು ಮಂದಿ ಸಂಕಟ ಇತ್ತು, ತಂಗಿ. ನನ್ನೊಬ್ಬಂದು ಅಂತ ಹೆಂಗ ಇಟ್ಕೊಳ್ಲಿ?” ಮೇಜಿನ ಮೇಲಿದ್ದ ಫಾರಂ ನೇರ ಮಾಡಿಟ್ಟರು. “ಇಟ್ಕೊಳ್ಳಬೇಕು ಅನ್ನಿಸಿತ್ತು. ಸುಳ್ಳ ಯಾಕ ಹೇಳ್ಲಿ.”

ಪರದೆಯ ಮೇಲೆ ಆ ಸಾಲನ್ನು ನಾನೂ ಕಂಡಿದ್ದೆ. ಆದರೆ ವಿಚಾರಿಸುವವಳೇ ಸಾಕ್ಷಿಯಾಗುವಂತಿಲ್ಲ. ಅದನ್ನು ಕಲಿಸಿದವರು ಅವರೇ. ‘ದಾಖಲೆ ಇಲ್ಲ’ ಎಂದು ಬರೆದೆ. ಅವರು ಓದಿ ಸಹಿ ಮಾಡಿದರು. ಮೇಜಿಗೆ ಕೈಯೂರಿ ಎದ್ದು, “ಆ ಮುದುಕೀನ ಕರಿ. ಮುಂಜಾನಿಂದ ಕೂತಾಳ,” ಎಂದು ಹೊರಟರು.

ಎರಡು ತಿಂಗಳಲ್ಲಿ ಅವರೂ ಹೋದರು. ವರದಿಯ ಕೊನೆಯಲ್ಲಿ, ದಾಖಲೆಯಿಲ್ಲದೆ ಒಪ್ಪಲಾಗದ ಹೇಳಿಕೆಗಳ ಪಟ್ಟಿಯಲ್ಲಿ, ಗುರುಪಾದಪ್ಪ ಸರ್ ಹೆಸರಿದೆ. ಆ ಪಟ್ಟಿಯ ಕೆಳಗಿರುವ ಸಹಿ ನನ್ನದು.