ಹಳಿಯ ಕೊನೆಯಲ್ಲಿ ಕಂಡ ಬೆಳಕು

ನನ್ನ ಅಕ್ಕನ ಗಂಡ ಹವಾಮಾನ ಇಲಾಖೆಯಲ್ಲಿ ಅಧಿಕಾರಿಯಾಗಿದ್ದರು. ಆಕಾಶದಲ್ಲಿ ವಿಚಿತ್ರ ಬೆಳಕು ಕಂಡಿತು, ಹಾರುವ ತಟ್ಟೆ ಇಳಿಯಿತು ಎಂದು ಯಾರಾದರೂ ದೂರು ಕೊಟ್ಟರೆ ವಿಚಾರಣೆಗೆ ಹೋಗುತ್ತಿದ್ದವರು ಅವರೇ. ಒಮ್ಮೊಮ್ಮೆ ಅದು ಉಲ್ಕೆಯಾಗಿರುತ್ತಿತ್ತು, ಬಹುಪಾಲು ಸಲ ಶುಕ್ರ ಗ್ರಹ. ಬೆಳಕು ಕಂಡ ಜಾಗದಲ್ಲೇ, ಕಂಡ ಹೊತ್ತಿಗೇ ಕಂಡವರನ್ನು ನಿಲ್ಲಿಸಿ ಅದನ್ನು ಮತ್ತೆ ತೋರಿಸುವುದು ಅವರ ಪದ್ಧತಿ. ಸುತ್ತ ನಾಲ್ಕು ಜನ ಇರಬೇಕು, ಇಲ್ಲದಿದ್ದರೆ ಗಾಳಿಸುದ್ದಿ ಸಾಯುವುದಿಲ್ಲ ಎನ್ನುತ್ತಿದ್ದರು. ಭಾವ ಒಳ್ಳೆಯವರು. ಆದರೆ ತಮ್ಮ ಮಾತು ಸರಿಯೆಂದು ಗೊತ್ತಾದ ಮೇಲೆ ಎದುರಿಗಿರುವವರ ಮುಖ ನೋಡುವ ಅಭ್ಯಾಸ ಅವರಿಗಿರಲಿಲ್ಲ.

ಒಬ್ಬ ರೈಲು ಚಾಲಕ ಬೆಳಗಿನ ಜಾವ ನಿಲ್ದಾಣ ದಾಟುವಾಗ ಗಾಡಿಗೆ ಗಕ್ಕನೆ ಬ್ರೇಕ್ ಹಾಕಿದ್ದ. ಹಳಿಯ ಕೊನೆಯಲ್ಲಿ ದೊಡ್ಡ ದೀಪವೊಂದು ಎದುರು ಬಂತು, ಕೆಂಪಾಯಿತು, ಹಸಿರಾಯಿತು, ಆಮೇಲೆ ಮೇಲೆದ್ದು ಹೋಯಿತು ಎಂದ. ಪ್ರಯಾಣಿಕರು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಪತ್ರಿಕೆಗಳು ಹಾರುವ ತಟ್ಟೆ ಎಂದು ಬರೆದವು. ಅವನ ಕೆಲಸ ಉಳಿಯುವುದು ಭಾವನ ವರದಿಯ ಮೇಲೆ ನಿಂತಿತ್ತು.

ಮತ್ತೊಂದು ದಿನ ಅದೇ ಹೊತ್ತಿಗೆ ಭಾವ ಅವನನ್ನು ಪ್ಲಾಟ್‌ಫಾರ್ಮಿನ ತುದಿಗೆ ಕರೆದೊಯ್ದರು. ಅವನ ಜೊತೆ ಕೆಲಸ ಮಾಡುವವರೆಲ್ಲ ಸೇರಿದ್ದರು. ಹಳಿಯ ಕೊನೆಯಲ್ಲಿ ಶುಕ್ರ ಮೂಡಿ, ಧೂಳಿನ ಗಾಳಿಯಲ್ಲಿ ಬಣ್ಣ ಬದಲಿಸುತ್ತ ನಡುಗಿತು.

"ಇದೇನಾ ನೀವು ನೋಡಿದ್ದು?"

ಚಾಲಕ ತುಂಬ ಹೊತ್ತು ನೋಡಿದ. "ಇದೇ ಸಾರ್."

"ನೋಡಿದ್ರಾ, ಬರೀ ಶುಕ್ರ!" ಎಂದು ಭಾವ ಎಲ್ಲರ ಕಡೆ ತಿರುಗಿದರು.

ಹಿಂದಿನಿಂದ ಯಾರೋ, "ಅಣ್ಣಂಗೆ ಶುಕ್ರದೆಸೆ ಕಣ್ರೋ!" ಎಂದರು. ಇನ್ನೊಬ್ಬ, "ಹುಣ್ಣಿಮೆ ಚಂದ್ರ ಬಂದ್ರೆ ಗಾಡೀನ ಹಿಂದಕ್ಕೇ ಓಡಿಸ್ತಾನೆ," ಎಂದ. ಎಲ್ಲರೂ ನಕ್ಕರು. ಭಾವನೂ ನಕ್ಕರು.

ಇಂಥ ತಪ್ಪು ಯಾರ ಕಣ್ಣಿಗೂ ಆಗಬಹುದು, ಶಿಕ್ಷೆ ಬೇಡ ಎಂದು ಅವರು ವರದಿ ಕೊಟ್ಟರು. ಅವನನ್ನು ಉಳಿಸಿದೆನೆಂದೇ ನಂಬಿದ್ದರು. ನಿವೃತ್ತರಾಗಿ ಎಷ್ಟೋ ಕಾಲದ ಮೇಲೆ, ಆಸ್ಪತ್ರೆಯ ಬೆಂಚಿನಲ್ಲಿ ಸಿಕ್ಕ ಹಳೆಯ ಸ್ಟೇಷನ್ ಮಾಸ್ಟರರಿಂದ ಅವರಿಗೆ ಆಮೇಲೆ ಆದದ್ದು ತಿಳಿಯಿತು. ಗೇಲಿ ತಾಳಲಾರದೆ ಆ ಚಾಲಕ ತಾನಾಗಿಯೇ ಇಂಜಿನ್ ಬಿಟ್ಟು, ಶೆಡ್ಡಿನಲ್ಲಿ ಬೋಲ್ಟು ಬಿಗಿಯುವ ಕೆಲಸ ಕೇಳಿಕೊಂಡಿದ್ದ. 'ಶುಕ್ರ' ಎಂಬ ಅಡ್ಡಹೆಸರು ಅವನ ಮಕ್ಕಳ ಶಾಲೆಯವರೆಗೂ ಹೋಗಿತ್ತು.

ಭಾವನಿಗೆ ಊಟ ಸೇರದಾಯಿತು. "ಕೂತು ಕೊರಗಿದ್ರೆ ಏನು ಬಂತು? ಹೋಗಿ ಮಾತಾಡಿ ಬನ್ನಿ," ಎಂದು ಅಕ್ಕ ಗದರಿದಳು. ಅವಳಿಗೆ ಮಂಡಿನೋವು, ಚಾಲಕನ ಮನೆಗೆ ಭಾವನ ಜೊತೆ ನಾನು ಹೋದೆ.

ಚಾಲಕ ಭಾವನನ್ನು ಕಂಡಕೂಡಲೇ ಗುರುತಿಸಿ ಕುರ್ಚಿ ಒರೆಸಿ ಕೊಟ್ಟ.

"ತಪ್ಪಾಯ್ತು. ಆ ಮಾತು ನಿಮಗೊಬ್ಬರಿಗೇ ಹೇಳಬೇಕಿತ್ತು," ಎಂದರು ಭಾವ.

"ನೀವು ಸುಳ್ಳು ಹೇಳಿದ್ದಿದ್ರೆ ಜಗಳಾನಾದ್ರೂ ಆಡ್ತಿದ್ದೆ ಸಾರ್. ಹೇಳಿದ್ದು ನಿಜ. ನಿಜದ ಜೊತೆ ಏನು ಜಗಳ?"

"ಈಗಲಾದ್ರೂ ಅವರೆಲ್ಲರ ಎದುರು ಹೇಳ್ತೀನಿ. ನೀವು ಬ್ರೇಕ್ ಹಾಕಿದ್ದೇ ಸರಿ. ಎದುರಿಗೆ ದೀಪ ಕಂಡಾಗ ಗಾಡಿ ನಿಲ್ಲಿಸದವನು ಚಾಲಕನೇ ಅಲ್ಲ."

ಒಳಗಿನಿಂದ ಅವನ ಹೆಂಡತಿ, "ಯಾರಿಗೆ ಹೇಳ್ತೀರಿ? ಅರ್ಧ ಜನ ಹೋದ್ರು, ಇನ್ನರ್ಧ ಜನಕ್ಕೆ ಕಿವಿ ಕೇಳ್ಸಲ್ಲ," ಎಂದಳು.

ಚಾಲಕ ನಗಲಿಲ್ಲ. "ಇದನ್ನ ಅವತ್ತೇ ಹೇಳಿದ್ದಿದ್ರೆ ನಾನು ಇಂಜಿನ್ನಿಂದ ಇಳೀತಿರ್ಲಿಲ್ಲ ಸಾರ್."